ಒಬ್ಬರ ಐದು ನಕ್ಷತ್ರ, ಇನ್ನೊಬ್ಬರ ಸೊನ್ನೆ: ಆಲ್ಬಮ್ ಕೊಳ್ಳುವ ಮುಂಚೆ ಯಾರ ಮಾತು ಕೇಳಬೇಕು?

ಓದುಗರ ಪ್ರಶ್ನೆ: ರಾಕ್, ಪಾಪ್, ಜಾಝ್ ಮೂರನ್ನೂ ಕೇಳುತ್ತೇನೆ. ಒಂದು ಆಲ್ಬಮ್ ಕೊಳ್ಳೋಣ ಎಂದು ವಿಮರ್ಶೆ ಓದಲು ಕೂತರೆ ಒಬ್ಬರು ಹೊಗಳಿ ಅಟ್ಟಕ್ಕೇರಿಸಿರುತ್ತಾರೆ, ಇನ್ನೊಬ್ಬರು ಎತ್ತಿ ಬಿಸಾಕಿರುತ್ತಾರೆ. ಇಬ್ಬರೂ ತಿಳಿದವರೇ. ದುಡ್ಡು ಹಾಕುವ ನಾನು ಯಾರನ್ನು ನಂಬಲಿ?

ಉತ್ತರ: ತೀರ್ಪಿನ ಮಟ್ಟಿಗೆ ಇಬ್ಬರನ್ನೂ ನಂಬಬೇಕಾಗಿಲ್ಲ. ಆ ಆಲ್ಬಮ್‌ನಲ್ಲಿ ಏನು ಕೇಳಿಸುತ್ತದೆ ಎಂದು ಯಾರು ಸರಿಯಾಗಿ ಹೇಳಿದ್ದಾರೋ ಅವರನ್ನು ಓದಿ, ತೀರ್ಪು ನೀವೇ ಕೊಟ್ಟುಕೊಳ್ಳಿ. ವಿಮರ್ಶಕರಿಗೆ ಹಿಡಿಸದ ಆಲ್ಬಮ್ ಅನ್ನು ಅವರ ವಿಮರ್ಶೆ ಓದಿಯೇ ನೀವು ಕೊಳ್ಳುವಂತಾದರೆ, ಅದು ಒಳ್ಳೆಯ ವಿಮರ್ಶೆ.

ಇದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಉದಾಹರಣೆ 1962ರ ಜನವರಿಯದು. ಅಮೆರಿಕದ ಜಾಝ್ ಪತ್ರಿಕೆ 'ಡೌನ್‌ಬೀಟ್' ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ 'ಫ್ರೀ ಜಾಝ್' ಆಲ್ಬಮ್‌ಗೆ ಒಂದೇ ಸಂಚಿಕೆಯಲ್ಲಿ ಎರಡು ವಿಮರ್ಶೆ ಅಚ್ಚು ಹಾಕಿತು. ಪೀಟ್ ವೆಲ್ಡಿಂಗ್ ಐದಕ್ಕೆ ಐದು ನಕ್ಷತ್ರ ಕೊಟ್ಟರು. ಜಾನ್ ಟೈನನ್ ಒಂದನ್ನೂ ಕೊಡಲಿಲ್ಲ. ಸರಾಸರಿ ತೆಗೆದರೆ ಎರಡೂವರೆ ನಕ್ಷತ್ರ, ಅಂದರೆ 'ಪರವಾಗಿಲ್ಲ'. ಆ ಆಲ್ಬಮ್ ಬಗ್ಗೆ ಏನು ಬೇಕಾದರೂ ಹೇಳಬಹುದು, ಪರವಾಗಿಲ್ಲ ಎಂದು ಮಾತ್ರ ಹೇಳಲಾಗದು.

ಅದರಲ್ಲಿ ಇರುವುದೇನು? ಸುಮಾರು 37 ನಿಮಿಷದ ಒಂದೇ ರಚನೆ. ಎಲ್‌ಪಿಯಲ್ಲಿ, ಅಂದರೆ ಗ್ರಾಮಫೋನ್ ತಟ್ಟೆಯಲ್ಲಿ, ಬದಿ ತಿರುಗಿಸಲು ಮಾತ್ರ ನಡುವೆ ತುಂಡಾಗುತ್ತದೆ. ಎಂಟು ಜನ ಕಲಾವಿದರು, ಎರಡು ತಂಡ. ಕೋಲ್ಮನ್, ಡಾನ್ ಚೆರಿ ಇರುವ ತಂಡ ಎಡ ಸ್ಪೀಕರ್‌ನಲ್ಲಿ. ಎರಿಕ್ ಡಾಲ್ಫಿ, ಫ್ರೆಡ್ಡಿ ಹಬರ್ಡ್ ಇರುವ ತಂಡ ಬಲದಲ್ಲಿ. ಎರಡು ಬೇಸ್, ಎರಡು ಡ್ರಮ್ಸ್, ಪಿಯಾನೋ ಇಲ್ಲ. ನಡುನಡುವೆ ಎಲ್ಲರೂ ಕೂಡಿ ನುಡಿಸುವ ಚಿಕ್ಕ ಬರೆದ ಭಾಗಗಳಿವೆ. ಉಳಿದಂತೆ ಒಬ್ಬರು ಮುಂದಾಳಾಗಿ ನುಡಿಸುತ್ತಿರುವಾಗ ಬೇರೆಯವರು ತಮಗೆ ಬೇಕೆನಿಸಿದಾಗ ನಡುವೆ ಬರುತ್ತಾರೆ, ಹೋಗುತ್ತಾರೆ. ಮೊದಲೇ ಗೊತ್ತುಮಾಡಿದ ಸ್ವರಗುಚ್ಛಗಳ (chord) ಹಾದಿ ಇಲ್ಲ. ಐದು ನಕ್ಷತ್ರ ಕೊಟ್ಟ ಕಿವಿಗೂ ಸೊನ್ನೆ ಕೊಟ್ಟ ಕಿವಿಗೂ ಬಿದ್ದದ್ದು ಇದೇ. ಈ ಪ್ಯಾರಾ ಓದಿ ನಿಮಗೆ ಕುತೂಹಲ ಹುಟ್ಟಿತೋ, ತಲೆ ಸಿಡಿಯಿತೋ? ನಿಮ್ಮ ಉತ್ತರ ಅಲ್ಲೇ ಇದೆ.

ಹಾಗಾಗಿ ವಿಮರ್ಶೆ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಕಿವಿಗೆ ಸಂಬಂಧಿಸಿದ ವಾಕ್ಯಗಳನ್ನು. 'ಕಲಾವಿದರ ಅತ್ಯಂತ ಪ್ರಬುದ್ಧ ಕೃತಿ, ಭಾವನೆಗಳ ಆಳಕ್ಕಿಳಿಯುತ್ತದೆ' ಎಂಬ ಮಾತನ್ನು ಯಾವ ಆಲ್ಬಮ್‌ಗೆ ಬೇಕಾದರೂ ಅಂಟಿಸಬಹುದು. ಬದಲಿಗೆ ಹೀಗೊಂದು ವಾಕ್ಯ ಊಹಿಸಿಕೊಳ್ಳಿ: 'ಹತ್ತು ಹಾಡುಗಳಲ್ಲಿ ಎಂಟು ನಿಧಾನಗತಿಯವು, ಡ್ರಮ್ಮರ್ ಬಹುತೇಕ ಮೆತ್ತನೆಯ ಸದ್ದಿನ ಬ್ರಷ್‌ಗಳಲ್ಲೇ ನುಡಿಸುತ್ತಾರೆ, ಗಾಯಕಿಯ ದನಿಯನ್ನು ಎಷ್ಟು ಹತ್ತಿರದಿಂದ ರೆಕಾರ್ಡ್ ಮಾಡಿದ್ದಾರೆಂದರೆ ಪ್ರತಿ ಸಾಲಿಗೂ ಮುನ್ನ ಉಸಿರೆಳೆಯುವುದು ಕೇಳುತ್ತದೆ, ಐದನೇ ಹಾಡಿನ ಹೊತ್ತಿಗೆ ನನಗೆ ಬೇಸರವಾಯಿತು.' ಬರೆದವರಿಗೆ ಬೇಸರವಾಗಿದೆ, ನಿಜ. ಆದರೆ ರಾತ್ರಿ ಒಬ್ಬರೇ ಕೂತು ಕೇಳುವವರು ಇದನ್ನೋದಿ ಆ ಆಲ್ಬಮ್ ತಂದುಕೊಳ್ಳುತ್ತಾರೆ, ಕಾರಿನಲ್ಲಿ ಕೇಳುವವರು ಬಿಡುತ್ತಾರೆ. ಇಬ್ಬರಿಗೂ ಉಪಕಾರವಾಯಿತು.

ಮೂರು ಪ್ರಕಾರಗಳಿಗೂ ಒಂದೇ ಅಳತೆಗೋಲು ಹಿಡಿಯುವ ವಿಮರ್ಶೆಗಳ ಬಗ್ಗೆ ಎಚ್ಚರವಿರಲಿ. ಜಾಝ್ ವಿಮರ್ಶೆಯಲ್ಲಿ ಯಾರು ಏನು ನುಡಿಸಿದ್ದಾರೆ, ಯಾವಾಗ ರೆಕಾರ್ಡ್ ಆಯಿತು ಎಂಬ ವಿವರ ಇರಲೇಬೇಕು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್‌ನಲ್ಲಿ ಒಂದು ರಚನೆಗೆ ಪಿಯಾನೋ ನುಡಿಸಿದವರು ವಿಂಟನ್ ಕೆಲಿ, ಉಳಿದ ನಾಲ್ಕಕ್ಕೆ ಬಿಲ್ ಇವಾನ್ಸ್. ಆ ಒಂದು ರಚನೆ ಬ್ಲೂಸ್‌ನ ಲವಲವಿಕೆಯಲ್ಲಿ ಬೇರೆಯಾಗಿ ಕೇಳಿಸುವುದಕ್ಕೆ ಅದೊಂದು ಕಾರಣ. ನಿಮಗೆ ಇಷ್ಟವಾದದ್ದು ಅದೇ ಆಗಿದ್ದರೆ, ಮುಂದೆ ಕೊಳ್ಳಬೇಕಾದದ್ದು ಕೆಲಿ ಇರುವ ಆಲ್ಬಮ್‌ಗಳು. ಜಾಝ್ ಕೊಳ್ಳುವವರು ನಾಯಕನ ಹೆಸರಿಗಿಂತ ಜೊತೆಗಾರರ ಹೆಸರು ಹಿಡಿದು ಹೋದರೆ ದುಡ್ಡು ದಂಡವಾಗುವುದು ಕಡಿಮೆ.

ಪಾಪ್‌ನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ರೇಡಿಯೋದಲ್ಲಿ ಕೇಳಿದ ಎರಡು ಹಾಡು ಬಿಟ್ಟರೆ ಮಿಕ್ಕಿದ್ದು ಹೇಗಿದೆ? ಇದನ್ನು ಹೇಳದ ಪಾಪ್ ವಿಮರ್ಶೆ ಕೊಳ್ಳುವವರ ಕೆಲಸಕ್ಕೆ ಬಾರದು. ಪಾಪ್ ಹಾಡಿಗೆ ಜಾಝ್‌ನ ಜಟಿಲತೆ ಇಲ್ಲವೆಂದು ಅಂಕ ಕಳೆಯುವುದೂ ಅನ್ಯಾಯ. ಮೂರು ನಿಮಿಷದಲ್ಲಿ ಒಂದು ರಾಗವನ್ನು ಮನಸ್ಸಿನಲ್ಲಿ ನೆಲೆಗೊಳಿಸುವುದು ಸಣ್ಣ ವಿದ್ಯೆಯಲ್ಲ.

ಇನ್ನು ಸರಾಸರಿ ಅಂಕಗಳು. ಮೆಟಾಕ್ರಿಟಿಕ್‌ನಂಥ ತಾಣಗಳು ಹಲವು ಪತ್ರಿಕೆಗಳ ನಕ್ಷತ್ರ, ದರ್ಜೆ, ಅಂಕ ಎಲ್ಲವನ್ನೂ ನೂರರ ಲೆಕ್ಕಕ್ಕೆ ತಂದು ಒಂದೇ ಸಂಖ್ಯೆ ಕೊಡುತ್ತವೆ. ಎಪ್ಪತ್ತು ಎಂಬ ಸಂಖ್ಯೆ ಎಲ್ಲರೂ ಎಪ್ಪತ್ತು ಕೊಟ್ಟದ್ದರಿಂದಲೂ ಬರಬಹುದು, ಅರ್ಧ ಜನ ನೂರು, ಅರ್ಧ ಜನ ನಲವತ್ತು ಕೊಟ್ಟದ್ದರಿಂದಲೂ ಬರಬಹುದು. ಮೊದಲನೆಯದು ಯಾರಿಗೂ ನೋವು ಮಾಡದ, ಯಾರ ನೆನಪಲ್ಲೂ ಉಳಿಯದ ಆಲ್ಬಮ್ ಆಗಿರುವ ಸಾಧ್ಯತೆ ಹೆಚ್ಚು. ಎರಡನೆಯದನ್ನು ನಾನಂತೂ ಖಂಡಿತ ಕೇಳಿ ನೋಡುತ್ತೇನೆ.

ಸರಾಸರಿಗಿಂತ ಒಬ್ಬ ವಿಮರ್ಶಕರ ಕಿವಿಯನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ರಾಬರ್ಟ್ ಕ್ರಿಸ್ಟ್‌ಗೌ 1969ರಲ್ಲಿ ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ ಕೊಳ್ಳುವವರಿಗೆಂದೇ ಒಂದು ಅಂಕಣ ಆರಂಭಿಸಿದರು: ಪ್ರತಿ ಆಲ್ಬಮ್‌ಗೆ ಒಂದು ಬಿಗಿಯಾದ ಪ್ಯಾರಾ, ಶಾಲೆಯ ಪರೀಕ್ಷೆಯಂತೆ ಎ, ಬಿ, ಸಿ ದರ್ಜೆ. ಒಬ್ಬರೇ ದಶಕಗಳ ಕಾಲ ಬರೆಯುತ್ತಾ ಹೋದದ್ದರಿಂದ ಅವರಿಗೆ ಏನು ಹಿಡಿಸುತ್ತದೆ, ಯಾವುದು ಸಹನೆಯಾಗುವುದಿಲ್ಲ ಎಂಬುದು ಓದುಗರಿಗೆ ಕರಗತವಾಯಿತು. ನೀವೂ ಒಂದು ಪ್ರಯೋಗ ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಕೆಲವು ಆಲ್ಬಮ್‌ಗಳ ಬಗ್ಗೆ ಒಬ್ಬರೇ ಬರೆದ ವಿಮರ್ಶೆಗಳನ್ನು ಹುಡುಕಿ ಓದಿ. ಅವರು ನಿಮ್ಮನ್ನು ಒಪ್ಪಬೇಕೆಂದೇನೂ ಇಲ್ಲ. ಪ್ರತಿ ಬಾರಿಯೂ ಒಂದೇ ಕಾರಣಕ್ಕೆ ನಿಮ್ಮ ವಿರುದ್ಧ ಹೋಗುವವರೂ ಒಳ್ಳೆಯ ದಾರಿ ತೋರುತ್ತಾರೆ: ಉದ್ದನೆಯ ಗಿಟಾರ್ ಸೋಲೋ (ಒಬ್ಬರೇ ಮುಂದಾಗಿ ನುಡಿಸುವ ಭಾಗ) ಕಂಡರಾಗದವರು ಒಂದು ಆಲ್ಬಮ್ ಅನ್ನು ಬೈದರೆ, ಅದು ಬೇಕೆಂದೇ ಹುಡುಕುತ್ತಿರುವವರಿಗೆ ಸಿಹಿಸುದ್ದಿ. ಇವತ್ತೊಂದು, ನಾಳೆ ಇನ್ನೊಂದು ಹೇಳುವವರಿಂದ ಮಾತ್ರ ಪ್ರಯೋಜನವಿಲ್ಲ.

ವಿಮರ್ಶೆಯ ತಾರೀಖನ್ನೂ ನೋಡಿ. ಬಿಡುಗಡೆಯ ವಾರದಲ್ಲಿ ಬರುವ ಬರಹವನ್ನು ಹೆಚ್ಚಿನ ವೇಳೆ ಕೆಲವೇ ಸಲ ಕೇಳಿ, ಗಡುವಿಗೆ ಬರೆದಿರುತ್ತಾರೆ. ರಾಕ್ ತಂಡ ಲೆಡ್ ಝೆಪೆಲಿನ್‌ನ ಮೊದಲ ಆಲ್ಬಮ್ ಬಂದಾಗ, 1969ರಲ್ಲಿ, 'ರೋಲಿಂಗ್ ಸ್ಟೋನ್' ಪತ್ರಿಕೆ ಅದನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿತ್ತು. 2003ರಲ್ಲಿ ಅದೇ ಪತ್ರಿಕೆ ಸಾರ್ವಕಾಲಿಕ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಆ ಆಲ್ಬಮ್ ಅದರಲ್ಲಿ ಮೇಲಿನ ಸಾಲಿನಲ್ಲೇ ಇತ್ತು. ಹಾಗೆಂದು ಮೊದಲ ವಿಮರ್ಶೆಗಳನ್ನೆಲ್ಲ ತಳ್ಳಿಹಾಕಬೇಡಿ. ಖ್ಯಾತಿಯ ಭಾರ ಬೀಳುವ ಮುಂಚೆ ಒಂದು ಕಿವಿ ಏನು ಕೇಳಿತು ಎಂಬುದು ಅವುಗಳಲ್ಲೇ ಸಿಗುತ್ತದೆ. ಶ್ರೇಷ್ಠ ಎಂದು ಮುದ್ರೆ ಬಿದ್ದ ಆಲ್ಬಮ್ ಬಗ್ಗೆ ಐವತ್ತು ವರ್ಷದ ನಂತರ ಬರೆಯುವವರು ಎಷ್ಟೋ ಸಲ ಆ ಮುದ್ರೆಯ ಬಗ್ಗೆಯೇ ಬರೆಯುತ್ತಿರುತ್ತಾರೆ.

ಸಂಗೀತ ಚೆನ್ನಾಗಿದ್ದರೂ ಕೈಗೆ ಸಿಗುವ ಪ್ರತಿ ಕೆಟ್ಟದಾಗಿರಬಹುದು. ವಿಮರ್ಶೆಗಳಲ್ಲಿ ಇದಕ್ಕೆ ಇನ್ನೂ ಸಾಲದಷ್ಟು ಜಾಗ ಸಿಗುತ್ತಿದೆ ಎಂಬುದು ನನ್ನ ದೂರು. ಮೇಲೆ ಹೇಳಿದ 'ಕೈಂಡ್ ಆಫ್ ಬ್ಲೂ'ವನ್ನೇ ನೋಡಿ. ಮೊದಲ ಬದಿಯ ಮೂರು ರಚನೆಗಳನ್ನು ರೆಕಾರ್ಡ್ ಮಾಡಿದ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಎಲ್ಲ ಸ್ವರಗಳೂ ಒಂದಿಷ್ಟು ಮೇಲಕ್ಕೇರಿದವು. ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತು ಕೇಳಿದ್ದು ಅದನ್ನೇ. ತಿದ್ದಿದ ಪ್ರತಿಗಳು ಬಂದದ್ದು 1990ರ ದಶಕದಲ್ಲಿ. ರೆಕಾರ್ಡ್ ಹಾಕಿಕೊಂಡು ಅದರ ಜೊತೆ ವಾದ್ಯ ನುಡಿಸಿ ಕಲಿಯುವವರಿಗೆ ಇದು ದೊಡ್ಡ ವ್ಯತ್ಯಾಸ, ಸುಮ್ಮನೆ ಕೇಳುವವರಿಗೆ ಚಿಕ್ಕದು.

ರಾಕ್‌ನಲ್ಲಿ ಕಾಡುವುದು ಅಬ್ಬರದ ಸಮಸ್ಯೆ. ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' 2008ರಲ್ಲಿ ಬಂದಾಗ ಸಿಡಿಯನ್ನು ಎಷ್ಟು ಜೋರಾಗಿ ಮಾಡಿದ್ದರೆಂದರೆ ಡ್ರಮ್ಸ್‌ನ ಪೆಟ್ಟುಗಳು ಒಡೆದು ಕರಕರ ಎನ್ನುತ್ತಿದ್ದವು. ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಗೇಮ್‌ನಲ್ಲಿ ತಿಳಿಯಾಗಿ ಕೇಳುತ್ತಿರುವುದನ್ನು ಅಭಿಮಾನಿಗಳು ಗಮನಿಸಿದರು. ಮತ್ತೆ ಮಿಕ್ಸ್ ಮಾಡಿ ಕೊಡಿ ಎಂದು ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಇದನ್ನು ಗುರುತಿಸಲು ಯಂತ್ರ ಬೇಕಿಲ್ಲ. ವಾಲ್ಯೂಮ್ ಸ್ವಲ್ಪ ತಗ್ಗಿಸಿ ಕೇಳಿ. ಸ್ನೇರ್ ಡ್ರಮ್ಮಿನ ಏಟು ಗಿಟಾರ್‌ಗಳ ಗೋಡೆಯಿಂದ ಹೊರಗೆ ಹಾರದೆ ಅದರೊಳಗೇ ಹೂತುಹೋದರೆ, ಮೆಲ್ಲನೆಯ ಚರಣವೂ ಅಬ್ಬರದ ಕೋರಸ್ಸೂ ಒಂದೇ ಮಟ್ಟದಲ್ಲಿ ಕೇಳಿದರೆ, ಸಂಗೀತವನ್ನು ಹಿಂಡಿದ್ದಾರೆ ಎಂದು ತಿಳಿಯಿರಿ. 'ರೀಮಾಸ್ಟರ್ಡ್' (ಹಳೆಯ ರೆಕಾರ್ಡಿಂಗನ್ನು ಮತ್ತೆ ಹದಗೊಳಿಸಿದ್ದು) ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಪ್ರತಿ ಸುಧಾರಿಸಿದೆ ಎಂದಲ್ಲ. ಎಷ್ಟೋ ಸಲ ಹಳೆಯದನ್ನು ಜೋರು ಮಾಡಿರುತ್ತಾರೆ, ಅಷ್ಟೇ. ಯಾವ ವರ್ಷದ, ಯಾವ ಪ್ರತಿ ಕೇಳಿ ಬರೆದದ್ದು ಎಂದು ವಿಮರ್ಶೆ ಹೇಳಿದ್ದರೆ ಮಾತ್ರ ಧ್ವನಿಯ ಬಗ್ಗೆ ಅದು ಹೇಳುವ ಮಾತಿಗೆ ಬೆಲೆ.

ಎಲ್‌ಪಿ ಕೊಳ್ಳುವವರು ಉದ್ದವನ್ನೂ ನೋಡಬೇಕು. ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು ಹಿತ. ಅದಕ್ಕಿಂತ ಬಹಳ ಹೆಚ್ಚು ತುಂಬಿಸಿದರೆ ಧ್ವನಿಯ ಮಟ್ಟ ತಗ್ಗಿಸಬೇಕಾಗುತ್ತದೆ, ಗೆರೆಗಳ ಸದ್ದು ಮೇಲೆ ಬರುತ್ತದೆ. ಸಿಡಿ ಕಾಲದ ಎಪ್ಪತ್ತು ನಿಮಿಷದ ಆಲ್ಬಮ್ ಅನ್ನು ಒಂದೇ ತಟ್ಟೆಗೆ ತುರುಕಿದ್ದಾರೆಂದರೆ ನಾನು ಮುಟ್ಟುವುದಿಲ್ಲ.

ಈಗ ಬಹುಪಾಲು ಸಂಗೀತವನ್ನು ಕೊಳ್ಳುವ ಮೊದಲೇ ಕೇಳಿ ನೋಡಬಹುದು. ಹಾಗೆ ಕೇಳುವಾಗ ಮೊದಲ ಹಾಡನ್ನು ಬಿಡಿ. ಗ್ರಾಹಕರನ್ನು ಹಿಡಿದಿಡಲೆಂದೇ ಅದನ್ನು ಅಲ್ಲಿಟ್ಟಿರುತ್ತಾರೆ. ನಡುವಿನ ಒಂದು, ಕೊನೆಗೆ ಹತ್ತಿರದ ಒಂದು ಹಾಡನ್ನು ಪೂರ್ತಿ ಕೇಳಿ. ಜಾಝ್ ಆದರೆ ಮುಖ್ಯ ರಾಗ ಮುಗಿದು ಎರಡನೆಯ ಸೋಲೋ ಶುರುವಾಗುವವರೆಗಾದರೂ ಕಾಯಿರಿ. ಆಗಲೂ ನಿರ್ಧಾರವಾಗದಿದ್ದರೆ ನೀವು ನೆಚ್ಚಿದ ವಿಮರ್ಶಕರ ಬರಹಕ್ಕೆ ಹಿಂತಿರುಗಿ, ಅವರು ಹೆಸರು ಹಿಡಿದು ಹೇಳಿದ ಹಾಡನ್ನು ಅವರ ಮಾತನ್ನು ಎದುರಿಗಿಟ್ಟುಕೊಂಡೇ ಇನ್ನೊಮ್ಮೆ ಕೇಳಿ.