ಏರ್ ಮಾರ್ಷಲ್‌ಗೆ ಯುದ್ಧದಲ್ಲಿ ಏನು ಕೆಲಸ?

ಕಾರವಾರದ ಟಾಗೋರ್ ಬೀಚಿನಲ್ಲಿ ನೌಕಾಪಡೆಯ ಟುಪೊಲೆವ್ ವಿಮಾನ ಬಂದು ನಿಂತ ಮೇಲೆ ನನ್ನನ್ನು ಪ್ರಶ್ನೆ ಕೇಳುವ ಮಕ್ಕಳು ಜಾಸ್ತಿಯಾಗಿದ್ದಾರೆ. ನಾನು ವಾಯುಪಡೆಯಲ್ಲಿದ್ದವನು ಅಂತ ಓಣಿಗೆಲ್ಲ ಗೊತ್ತು. ಮೊನ್ನೆ ಪಕ್ಕದ ಮನೆ ಹುಡುಗ ಕೇಳಿದ: "ಅಜ್ಜಾ, ಏರ್ ಮಾರ್ಷಲ್ ಯುದ್ಧದಲ್ಲಿ ಎಷ್ಟು ವಿಮಾನ ಹೊಡೀತಾರೆ?" ಒಂದೂ ಇಲ್ಲ ಅಂದೆ. ಅವನ ಮುಖ ಸಣ್ಣದಾಯಿತು.

ವಿಂಗ್ ಕಮಾಂಡರ್ ಆಗುವವರೆಗೆ ಹಾರಾಟವೇ ಕಸುಬು. ಗ್ರೂಪ್ ಕ್ಯಾಪ್ಟನ್ ಆದರೆ ಒಂದು ನೆಲೆಯ ಹೊಣೆ ಬರುತ್ತದೆ. ಏರ್ ಮಾರ್ಷಲ್ ಕೈಯಲ್ಲಿ ಇಡೀ ಕಮಾಂಡ್, ಅಂದರೆ ಒಂದು ಪ್ರದೇಶದ ನೆಲೆಗಳೆಲ್ಲ ಇರುತ್ತವೆ. ನಮ್ಮ ಮೀನು ಬೋಟು ನಡೆಸುವ ತಾಂಡೇಲನನ್ನು ನೋಡಿ. ಬಲೆ ಎಳೆಯುವವರು ಬೇರೆ. ಎಲ್ಲಿ ಬಿಡಬೇಕು, ಯಾವಾಗ ತಿರುಗಬೇಕು ಅನ್ನುವುದು ಅವನ ತಲೆನೋವು.

1965ರ ಸೆಪ್ಟೆಂಬರ್ 1. ಜಮ್ಮು ಗಡಿಯ ಛಾಂಬ್‌ನಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದ್ದವು. ವಾಯುಪಡೆ ಮುಖ್ಯಸ್ಥ, ಆಗ ಏರ್ ಮಾರ್ಷಲ್ ಆಗಿದ್ದ ಅರ್ಜನ್ ಸಿಂಗ್ ಅವರನ್ನು ರಕ್ಷಣಾ ಸಚಿವ ಚವಾಣ್ ಕರೆಸಿದರು. ವಿಮಾನ ಕಳಿಸಲು ಎಷ್ಟು ಹೊತ್ತು ಬೇಕು ಅಂದಾಗ ಅರ್ಜನ್ ಸಿಂಗ್ ಕೇಳಿದ್ದು ಒಂದೇ ಗಂಟೆ. ಸಂಜೆಯೊಳಗೆ ಪಠಾಣ್‌ಕೋಟ್‌ನಿಂದ ವಿಮಾನಗಳು ಎದ್ದವು. ಅದರಲ್ಲಿ 4 ವ್ಯಾಂಪೈರ್ ವಾಪಸ್ ಬರಲಿಲ್ಲ. ಆ ಹಳೇ ವಿಮಾನಗಳನ್ನು ಮುಂಚೂಣಿಯಿಂದ ತೆಗೆದರು, ನ್ಯಾಟ್ ಅನ್ನುವ ಸಣ್ಣ ಯುದ್ಧವಿಮಾನಗಳನ್ನು ತಂದರು. ಅರ್ಜನ್ ಸಿಂಗ್ ಸ್ವತಃ 1944ರಲ್ಲಿ ಇಂಫಾಲದ ಮೇಲೆ ಹರಿಕೇನ್ ಹಾರಿಸಿದವರು. ಕಳಿಸುವ ಹುಡುಗರ ಪಾಡು ಏನು ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಬೇಕಾಗುತ್ತದಲ್ಲ, ಅದು ಸುಲಭದ ಮಾತಲ್ಲ.

ಐದು ದಿನ ಕಳೆದು ಪಠಾಣ್‌ಕೋಟ್ ಮೇಲೆ ಪಾಕಿಸ್ತಾನದ ಸೇಬರ್ ವಿಮಾನಗಳು ಎರಗಿದವು. ಬಯಲಲ್ಲೇ ನಿಂತಿದ್ದ ನಮ್ಮ 10 ವಿಮಾನಗಳು ಸುಟ್ಟುಹೋದವು.

ಆಗ ಉಪ ಮುಖ್ಯಸ್ಥರಾಗಿದ್ದವರು ಪಿ.ಸಿ. ಲಾಲ್. ಆಮೇಲೆ ಬೆಂಗಳೂರಿನಲ್ಲಿ ಎಚ್‌ಎಎಲ್ ನಡೆಸಿ, 1969ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು. ನನ್ನ ಮಟ್ಟಿಗೆ ದೊಡ್ಡ ಅಧಿಕಾರಿಯ ಯುದ್ಧ ಅಂದರೆ 1965 ಮತ್ತು 1971ರ ಯುದ್ಧಗಳ ನಡುವಿನ ಆರು ವರ್ಷ. ಗಡಿ ನೆಲೆಗಳಲ್ಲಿ ಆಗ ಎದ್ದದ್ದು 'ಪೆನ್'ಗಳು, ಅಂದರೆ ಬಾಂಬಿನಿಂದ ಕಾಪಾಡಲು ವಿಮಾನ ನಿಲ್ಲಿಸುವ ಗೂಡುಗಳು. ನಾನು ಕೆಲಸ ಮಾಡಿದ ನೆಲೆಯಲ್ಲೂ ಅವಿದ್ದವು. ದಪ್ಪ ಕಾಂಕ್ರೀಟ್, ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಒಂದು ಪೆನ್ನಿಗೆ ಒಂದೇ ವಿಮಾನ. ಟ್ರಾಕ್ಟರ್ ಅದನ್ನು ಹಿಂದಕ್ಕೆ ತಳ್ಳುವಾಗ ಎರಡೂ ರೆಕ್ಕೆ ತುದಿಗೆ ಒಬ್ಬೊಬ್ಬ ನಿಂತು ಕೈ ಆಡಿಸುತ್ತಿದ್ದ. ಒಳಗೆ ಸೀಮೆಎಣ್ಣೆಯಂಥ ವಾಸನೆ, ಬೇಸಿಗೆಯಲ್ಲಿ ಕುದಿಯುವ ಸೆಕೆ.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಮತ್ತೆ ಅದೇ ನೆಲೆಗಳ ಮೇಲೆ ಬಾಂಬ್ ಹಾಕಿತು. ವಿಮಾನಗಳೆಲ್ಲ ಚದುರಿ ಪೆನ್ನಿನೊಳಗಿದ್ದವು. ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಮರುದಿನ ಬೆಳಗ್ಗೆಯೇ ನಮ್ಮ ಹಂಟರ್‌ಗಳು ಕರಾಚಿಯ ಎಣ್ಣೆ ಟ್ಯಾಂಕುಗಳ ಮೇಲಿದ್ದವು. ಅದೇ ರಾತ್ರಿ ಅದೇ ಬಂದರಿಗೆ ನೌಕಾಪಡೆಯ ಕ್ಷಿಪಣಿ ಬೋಟುಗಳಾದ ನಿಪಾತ್, ನಿರ್ಘಾತ್, ವೀರ್ ಹೋದವು.

ಇನ್ನೊಂದು ಕೆಲಸವನ್ನೂ ಲಾಲ್ ಪಟ್ಟು ಹಿಡಿದು ಮಾಡಿಸಿದರು. 1965ರಲ್ಲಿ ಭೂಸೇನೆ, ವಾಯುಪಡೆ ತಮ್ಮತಮ್ಮ ಪಾಡಿಗೆ ಯುದ್ಧ ಮಾಡಿದ್ದವು. 1971ರಲ್ಲಿ ಸೇನೆಯ ಜೊತೆಗೇ ವಾಯುಪಡೆಯ ಅಧಿಕಾರಿಗಳು ಕೂತಿದ್ದರು. ವಿಮಾನ ಬೇಕು ಅಂದರೆ ದಿಲ್ಲಿಗೆ ಕೇಳುತ್ತಾ ಕೂರಬೇಕಿರಲಿಲ್ಲ.

ಟುಪೊಲೆವ್ ಪಕ್ಕದಲ್ಲೇ ನೌಕಾಪಡೆಯ ಹಳೇ ಕ್ಷಿಪಣಿ ಬೋಟು ಐಎನ್‌ಎಸ್ ಚಪಲ್ ಇದೆಯಲ್ವಾ? ಅದು ಆ ಯುದ್ಧದ ನಂತರ ಬಂದ ಬೋಟು, ಕರಾಚಿಗೆ ಹೋದವುಗಳ ತಮ್ಮ ಅನ್ನಬಹುದು. ಭಾನುವಾರ ಆ ಹುಡುಗನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಪೆನ್ ಹೇಗಿರುತ್ತದೆ ಅಂತ ಮರಳಲ್ಲೇ ಕಟ್ಟಿ ತೋರಿಸಬೇಕು.