ಬಲಿತ ಕಾಳಿನ ಲೈಸೀನ್ ಲೆಕ್ಕ

ಚಳಿಗಾಲದಲ್ಲಿ ಪುಣೆಯ ಸುತ್ತಲಿನ ಹೊಲಗಳಲ್ಲಿ ಸುಟ್ಟು ತಿನ್ನುವ ಹುರ್ಡಾ, ವಿಜಯಪುರ, ಕಲಬುರಗಿಗಳಿಂದ ಬಂದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ತವರಿನ ಸೀತನಿಯೇ. ಈ ಎಳೆಯ ಜೋಳದಲ್ಲಿ ಬಲಿತ ಜೋಳಕ್ಕಿಂತ ಹೆಚ್ಚು ಪ್ರೋಟೀನ್ ಇದೆಯೆಂದು ಕೆಲವರೂ, ಅದು ಬರೀ ನೀರು, ಸಕ್ಕರೆಯೆಂದು ಇನ್ನು ಕೆಲವರೂ ವಾದಿಸುತ್ತಾರೆ. ಬದಲಾಗುವುದು ಪ್ರೋಟೀನಿನ ಪ್ರಮಾಣವೊಂದೇ ಅಲ್ಲ, ಅದರ ಬಗೆಯೂ ಹೌದು ಎಂಬುದು ಇಬ್ಬರಿಗೂ ಹೊಳೆಯುವುದಿಲ್ಲ.

ಗೊಂದಲಕ್ಕೆ ಅಳತೆಯ ವಿಧಾನವೂ ಒಂದು ಕಾರಣ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನ ಅಳೆಯುವುದು ಸಾರಜನಕವನ್ನು; ಅದನ್ನು ಸಾಮಾನ್ಯವಾಗಿ 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆದುಕೊಳ್ಳುತ್ತೇವೆ. ಎಳೆಯ ಕಾಳಿನಲ್ಲಿ ಇನ್ನೂ ಪ್ರೋಟೀನಾಗಿ ಹೆಣೆದುಕೊಳ್ಳದ ಬಿಡಿ ಅಮೈನೋ ಆಮ್ಲಗಳು ಧಾರಾಳವಾಗಿರುತ್ತವೆ, ಅವೂ ಈ ಲೆಕ್ಕದೊಳಗೆ ಸೇರಿಬಿಡುತ್ತವೆ.

ಮೊದಲ ದಿನಗಳಲ್ಲಿ ಕಾಳಿನ ಜೀವಕೋಶಗಳು ವಿಭಜಿಸುತ್ತ, ಕಿಣ್ವಗಳನ್ನು ಕಟ್ಟಿಕೊಳ್ಳುತ್ತಿರುತ್ತವೆ. ಈ ದುಡಿಯುವ ಪ್ರೋಟೀನ್‌ಗಳು ಬಹುಪಾಲು ಆಲ್ಬುಮಿನ್ ಮತ್ತು ಗ್ಲಾಬ್ಯುಲಿನ್ ಗುಂಪಿನವು. ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಬರಬೇಕಾದ ಲೈಸೀನ್ ಎಂಬ ಅಮೈನೋ ಆಮ್ಲ ಇವುಗಳಲ್ಲಿ ಸಾಕಷ್ಟಿರುತ್ತದೆ. ಅನಂತರ ಎಲೆಗಳ ಪ್ರೋಟೀನ್ ಒಡೆದು, ಅದರ ಸಾರಜನಕ ತೆನೆಗೆ ಹರಿದು ಬಂದಂತೆ, ಕಾಳು ಪಿಷ್ಟದೊಂದಿಗೆ ಕಾಫಿರಿನ್ ಎಂಬ ದಾಸ್ತಾನು ಪ್ರೋಟೀನನ್ನು ಪುಟ್ಟ ಉಂಡೆಗಳಾಗಿ ತುಂಬಿಕೊಳ್ಳತೊಡಗುತ್ತದೆ. ನೀರಿನಲ್ಲಿ ಕರಗದ ಕಾಫಿರಿನ್‌ನಲ್ಲಿ ಗ್ಲುಟಾಮಿನ್, ಪ್ರೋಲಿನ್, ಲ್ಯೂಸಿನ್ ಎಂಬ ಅಮೈನೋ ಆಮ್ಲಗಳು ಹೇರಳ. ಲೈಸೀನ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನೂರು ಗ್ರಾಂ ಪ್ರೋಟೀನಿನಲ್ಲಿ ಲೈಸೀನಿನ ಪಾಲು ಇಳಿಯುತ್ತದೆ. ಇದರರ್ಥ ಲೈಸೀನ್ ನಾಶವಾಯಿತೆಂದಲ್ಲ: ಸಾರಿಗೆ ನೀರು ಬೆರೆಸಿದರೆ ಬೇಳೆ ತೆಳುವಾಗುತ್ತದೆಯೇ ಹೊರತು ಪಾತ್ರೆಯಿಂದ ಮಾಯವಾಗುವುದಿಲ್ಲವಷ್ಟೆ.

ಮೆಕ್ಕೆಜೋಳದಲ್ಲಿಯೂ ಇದೇ ಕಥೆ. ಅದರ ಜೀಯಿನ್ ಎಂಬ ದಾಸ್ತಾನು ಪ್ರೋಟೀನನ್ನಷ್ಟೇ ಉಂಡ ಇಲಿಗಳು ಬೆಳೆಯಲು ಟ್ರಿಪ್ಟೊಫ್ಯಾನ್ ಎಂಬ ಇನ್ನೊಂದು ಅಮೈನೋ ಆಮ್ಲ ಮತ್ತು ಲೈಸೀನ್ ಎರಡನ್ನೂ ಸೇರಿಸಬೇಕೆಂದು ಅಮೆರಿಕದ ವಿಜ್ಞಾನಿಗಳಾದ ಆಸ್ಬೋರ್ನ್ ಮತ್ತು ಮೆಂಡೆಲ್ 1914ರಲ್ಲೇ ತೋರಿಸಿದ್ದರು. ಜೀಯಿನ್ ಕಡಿಮೆ ಮಾಡಿಕೊಂಡು ಲೈಸೀನ್ ಹೆಚ್ಚಿಸಿಕೊಂಡ ಮೆಕ್ಕೆಜೋಳದ ಒಪೇಕ್-2 ತಳಿಯ ವರದಿ 1964ರಲ್ಲಿ ಬಂತು. ಇಥಿಯೋಪಿಯಾದ ಜೋಳಗಳಲ್ಲೂ ಇಂಥದೇ ಗುಣವನ್ನು ಸಂಶೋಧಕರಾದ ಸಿಂಗ್ ಮತ್ತು ಆಕ್ಸ್‌ಟೆಲ್ 1973ರಲ್ಲಿ ಗುರುತಿಸಿದರು. ಆದರೆ ಒಪೇಕ್-2ರ ಕಾಳು ಮೆತುವಾಗಿ ಇಳುವರಿ ಕುಗ್ಗಿತು, ಇಥಿಯೋಪಿಯಾದ ಕಾಳೋ ಮುರುಟಿಕೊಂಡಿತ್ತು.

ಜೋಳಕ್ಕೆ ಇನ್ನೊಂದು ತೊಡಕಿದೆ. ನೀರು ಸೇರಿಸಿ ಬೇಯಿಸಿದಾಗ ಕಾಫಿರಿನ್ ಎಳೆಗಳು ಗಂಧಕದ ಬಂಧಗಳಿಂದ ಬಿಗಿದುಕೊಂಡು ಜೀರ್ಣಕ್ಕೆ ಇನ್ನಷ್ಟು ಒಗ್ಗದಂತಾಗುತ್ತವೆ. ರೊಟ್ಟಿಗೆ ಶೇಂಗಾ ಹಿಂಡಿ ರುಚಿಯೇನೋ ಹೌದು, ಆದರೆ ಲೈಸೀನಿನ ಕೊರತೆ ತುಂಬುವುದರಲ್ಲಿ ತೊಗರಿ ಬೇಳೆಯೇ ಮೇಲು.