ಒಣ ಕಸಕ್ಕೆ ಹಾಕೋ ಡಬ್ಬ, ಬಾಟಲ್ ಎಲ್ಲಾ ತೊಳೆದೇ ಕೊಡ್ಬೇಕಾ?

ಪ್ರಶ್ನೆ: ನಾವು ಒಣ ಕಸ ಬೇರೆ ಮಾಡಿ ಕೊಡ್ತೀವಿ. ಆದ್ರೆ ಎಣ್ಣೆ ಬಾಟಲ್, ಸಾಸ್ ಬಾಟಲ್, ಜ್ಯೂಸ್ ಡಬ್ಬ ಎಲ್ಲಾ ತೊಳೆದು ಕೊಡಿ ಅಂತಾರೆ. ಫ್ಯಾಕ್ಟರೀಲಿ ಹೇಗೂ ತೊಳೀತಾರಲ್ವಾ, ನಾವ್ಯಾಕೆ ನೀರು ಖರ್ಚು ಮಾಡ್ಬೇಕು?

ಉತ್ತರ: ಫ್ಯಾಕ್ಟರೀಲಿ ತೊಳೀತಾರೆ, ಅದು ನಿಜ. ನೀರಿನ ಬಾಟಲ್‌ಗಳನ್ನ ಚೂರು ಚೂರು ಮಾಡಿ ಬಿಸಿ ನೀರು, ಕಾಸ್ಟಿಕ್ ಸೋಡಾ ಹಾಕಿ ತೊಳೆದ್ರೆ ಲೇಬಲ್ಲಿನ ಅಂಟು ಕೂಡ ಬಿಟ್ಟು ಹೋಗತ್ತೆ. ಹಾಗಾಗಿ ಬಾಟಲ್ ಒಳಗೆ ಸ್ವಲ್ಪ ಜಿಡ್ಡು ಉಳಿದಿದ್ರೆ ಬಾಟಲಿಗೇನೂ ತೊಂದರೆ ಇಲ್ಲ. ತೊಂದರೆ ಆಗೋದು ಅದರ ಪಕ್ಕದಲ್ಲಿರೋ ಪೇಪರಿಗೆ.

ಒಂದು ಜ್ಯೂಸ್ ಡಬ್ಬದಲ್ಲಿ ತಳದಲ್ಲಿ ಎರಡು ಗುಟುಕು ಉಳಿದಿದೆ ಅಂತ ಇಟ್ಕೊಳ್ಳಿ. ಅದನ್ನ ಹಾಗೇ ಚೀಲಕ್ಕೆ ಹಾಕಿದ್ರಿ, ಗಾಡೀಲಿ ಮೇಲಿಂದ ಭಾರ ಬಿದ್ದು ಡಬ್ಬ ಒಡೀತು, ಅಕ್ಕಪಕ್ಕದಲ್ಲಿದ್ದ ರಟ್ಟು, ನ್ಯೂಸ್ ಪೇಪರ್ ಎಲ್ಲಾ ಆ ಸಿಹಿ ನೀರು ಹೀರ್ಕೊಂಡ್ವು, ಆಮೇಲೆ ಅದು ಗೋಡೌನಲ್ಲಿ ಒಂದೆರಡು ದಿನ ಹಾಗೇ ಬಿದ್ದಿದ್ರೆ ಬೂಷ್ಟು ಹಿಡಿದು ವಾಸನೆ ಬರೋಕೆ ಶುರು. ಪ್ಲಾಸ್ಟಿಕ್ ಥರ ಪೇಪರನ್ನ ತೊಳೆದು ಸರಿ ಮಾಡೋಕಾಗಲ್ಲ. ಎಣ್ಣೆ ಹಿಡಿದ ರಟ್ಟಂತೂ ಇನ್ನೂ ಕಷ್ಟ, ಯಾಕಂದ್ರೆ ಪೇಪರ್ ಮಿಲ್ಲಲ್ಲಿ ಎಲ್ಲಾನೂ ನೀರಲ್ಲಿ ಕಲಸಿ ಪಲ್ಪ್ ಮಾಡ್ತಾರೆ, ಆ ಎಣ್ಣೆ ನಾರಿಗೆ ಅಂಟ್ಕೊಂಡು ಹೊಸ ಪೇಪರಲ್ಲಿ ಕಲೆ ಬರತ್ತೆ.

ಇದು ಸಣ್ಣ ವಿಷಯ ಅನ್ನಿಸಬಹುದು, ಆದ್ರೆ ಇಡೀ ರಿಸೈಕ್ಲಿಂಗ್ ವ್ಯಾಪಾರ ನಿಂತಿರೋದೇ ಇದರ ಮೇಲೆ. 2018ರಲ್ಲಿ ಚೀನಾ ಹೊರದೇಶದ ಕಸದ ಮೇಲೆ ನಿಯಮ ಬಿಗಿ ಮಾಡ್ತು, ಹಳೇ ಪೇಪರಿನ ಬೇಲಲ್ಲಿ (ಅಂದ್ರೆ ಒತ್ತಿ ಕಟ್ಟಿದ ದೊಡ್ಡ ಕಟ್ಟಲ್ಲಿ) 0.5%ಗಿಂತ ಜಾಸ್ತಿ ಬೇರೆ ಕಸ ಇದ್ರೆ ಒಳಗೇ ಬಿಡಲ್ಲ ಅಂತು. ಅಲ್ಲಿಗೇ ಕಳಿಸ್ತಿದ್ದ ಎಷ್ಟೋ ನಗರಗಳಲ್ಲಿ ಬೇಲುಗಳು ರಾಶಿ ಬಿದ್ವು, ಕೆಲವು ಕಡೆ ಜನ ಬೇರೆ ಮಾಡಿ ಕೊಟ್ಟಿದ್ದನ್ನೂ ಸುಡೋ ಪರಿಸ್ಥಿತಿ ಬಂತು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಕಸ ಆರಿಸೋ ದೊಡ್ಡ ಮೆಷಿನ್ ಇರೋ ಕಡೇನೂ ಕಸ ಸಾಗೋ ಬೆಲ್ಟ್ ಪಕ್ಕ ಮನುಷ್ಯರು ನಿಂತು ಕೈಯಲ್ಲೇ ಆರಿಸ್ತಾರೆ. ಕೊಳೆತ ಸಾಸು, ಹುಳ ಬಿದ್ದ ಡಬ್ಬ ಬಂದ್ರೆ ಅದನ್ನ ಮುಟ್ಟೋದು ಅವರು. ನಾವು ಅರ್ಧ ನಿಮಿಷ ಉಳಿಸೋಕೆ ಅವರಿಗೆ ಇಡೀ ದಿನ ಆ ನಾತ ಕೊಡೋದು ಸರಿ ಅಲ್ಲ.

ಹಾಗಂತ ಸೋಪು ಹಾಕಿ ಫಳಫಳ ಅನ್ನೋ ಹಾಗೆ ಉಜ್ಜಬೇಕಿಲ್ಲ, ಕುಡಿಯೋ ನೀರು ಬಳಸೋದಂತೂ ಬೇಡವೇ ಬೇಡ. ಪಾತ್ರೆ ತೊಳೆದು ಉಳಿದ ನೀರನ್ನೇ ಸ್ವಲ್ಪ ಹಾಕಿ, ಮುಚ್ಚಳ ಹಾಕಿ ಕುಲುಕಿ ಚೆಲ್ಲಿ, ತಲೆಕೆಳಗೆ ಇಟ್ಟು ಒಣಗಿಸಿ, ಅಷ್ಟು ಸಾಕು. ಎಣ್ಣೆ ಬಾಟಲ್ ಆದ್ರೆ ರಾತ್ರಿಯೆಲ್ಲಾ ಬೋರಲು ಹಾಕಿಟ್ರೆ ಮುಕ್ಕಾಲು ಪಾಲು ಕೆಲಸ ಆಯ್ತು. ತೊಳೆದು ಒದ್ದೆ ಒದ್ದೇನೇ ಚೀಲಕ್ಕೆ ಹಾಕಿದ್ರೆ ಮತ್ತೆ ಪೇಪರ್ ನೆನೆಯತ್ತೆ, ತೊಳೆದಿದ್ದೂ ದಂಡ. ಜಾಗ ಇದ್ರೆ ಪೇಪರಿಗೆ ಬೇರೆ ಚೀಲಾನೇ ಇಟ್ಬಿಡಿ.

ಮುಚ್ಚಳದ ಬಗ್ಗೇನೂ ಕೇಳ್ತಾರೆ. ಸಾಮಾನ್ಯವಾಗಿ ಬಾಟಲಿಗೇ ಹಾಕಿ ಕೊಡೋದು ಒಳ್ಳೇದು, ಬಿಡಿಯಾಗಿದ್ರೆ ಆರಿಸುವಾಗ ಸಂದೀಲಿ ಬಿದ್ದು ಕಳೆದು ಹೋಗತ್ತೆ. ಬಾಟಲ್ ಪೆಟ್ ಪ್ಲಾಸ್ಟಿಕ್, ಮುಚ್ಚಳ ಬೇರೆ ಜಾತಿ, ಆದ್ರೆ ಚೂರು ಮಾಡಿ ನೀರಿಗೆ ಹಾಕಿದ್ರೆ ಪೆಟ್ ಮುಳುಗತ್ತೆ, ಮುಚ್ಚಳದ ಚೂರು ತೇಲತ್ತೆ, ತಾನಾಗೇ ಬೇರೆ ಆಗತ್ತೆ. ನಿಮ್ಮ ನಗರದವರು ತೆಗೆದು ಕೊಡಿ ಅಂದ್ರೆ ಮಾತ್ರ ಹಾಗೇ ಮಾಡಿ.

ತಳದಲ್ಲಿರೋ ತ್ರಿಕೋನದ ನಂಬರ್ ನೋಡಿ ಇದು ರಿಸೈಕಲ್ ಆಗೇ ಆಗತ್ತೆ ಅಂತ ನಂಬ್ಕೋಬೇಡಿ, 1988ರಲ್ಲಿ ಬಂದ ಆ 1ರಿಂದ 7ರವರೆಗಿನ ನಂಬರ್ ಅದು ಯಾವ ಪ್ಲಾಸ್ಟಿಕ್ ಅಂತ ಹೇಳತ್ತೆ ಅಷ್ಟೇ. ತಗೊಳ್ಳೋರು ಇದ್ರೆ ಮಾತ್ರ ರಿಸೈಕಲ್. ಕೆಲವು ಕಪ್ಪು ಡಬ್ಬಗಳಂತೂ ಆರಿಸೋ ಮೆಷಿನ್ನಿನ ಕಣ್ಣಿಗೇ ಬೀಳಲ್ಲ, ಆ ಕಪ್ಪು ಬಣ್ಣ ಮೆಷಿನ್ ಬಿಡೋ ಇನ್‌ಫ್ರಾರೆಡ್ ಬೆಳಕನ್ನ ನುಂಗಿಬಿಡತ್ತೆ.

ಎಷ್ಟು ತೊಳೆದ್ರೂ ಹೋಗದ ಟ್ಯೂಬು, ಒಳಗೆ ಬೆಳ್ಳಿ ಬಣ್ಣದ ಪದರ ಇರೋ ಜಿಡ್ಡು ಪ್ಯಾಕೆಟ್ಟು, ಇವಕ್ಕೆ ಬಕೆಟ್‌ಗಟ್ಟಲೆ ನೀರು ಸುರೀಬೇಡಿ. ಪುರುಸೊತ್ತಿಲ್ಲದ ದಿನ ಅಲ್ಯೂಮಿನಿಯಂ ಕ್ಯಾನ್ ಒಂದನ್ನಾದ್ರೂ ತಪ್ಪಿಸ್ದೆ ತೊಳೆದು ಕೊಡಿ, ಅದಿರಿಂದ ಹೊಸದಾಗಿ ಮಾಡೋದಕ್ಕೆ ಹೋಲಿಸಿದ್ರೆ ಅದನ್ನ ಕರಗಿಸಿ ಮಾಡೋಕೆ ಸುಮಾರು 95% ಕಡಿಮೆ ಶಕ್ತಿ ಸಾಕು.